ರಾರಾವಿ ಕಾಲುವೆಯ ಸಿಮೆಂಟಿಲ್ಲದ ಚಪ್ಪಡಿ

ಬೀಳ್ಕೊಡುಗೆಯ ದಿನ ಹೊಸದಾಗಿ ಸೇರಿದ ಒಬ್ಬ ಉಪನ್ಯಾಸಕಿ ನನ್ನನ್ನು ಕೇಳಿದಳು, ಮೂವತ್ತೆರಡು ವರ್ಷದಲ್ಲಿ ಎಷ್ಟು ಕ್ಯೂಬ್ ಒಡೆದಿದ್ದೀರಿ ಮೇಡಂ ಎಂದು. ನನಗೆ ಗೊತ್ತಿರಲಿಲ್ಲ. ಯಾವ ಕ್ಯೂಬನ್ನು ಇನ್ನೂ ಮರೆತಿಲ್ಲ ಎಂದು ಕೇಳಿದ್ದರೆ ಹೇಳುತ್ತಿದ್ದೆ. ಅದನ್ನೇ ಈಗ ಬರೆಯುತ್ತಿದ್ದೇನೆ. ಕಾಂಕ್ರೀಟ್ ಲ್ಯಾಬಿಗೆ ಬರುವ ಹುಡುಗಿಯರಿಗೂ ಹುಡುಗರಿಗೂ ಯಂತ್ರ ನಡೆಸುವುದನ್ನು ಯಾರಾದರೂ ಕಲಿಸುತ್ತಾರೆ. ತಪ್ಪು ಮಾಡಿದ ಮೇಲೆ ಏನು ಮಾಡಬೇಕು ಎನ್ನುವುದನ್ನು ಯಾರೂ ಹೇಳಿಕೊಡುವುದಿಲ್ಲ.

ನನ್ನ ಹೆಸರು ನೀಲಮ್ಮ. ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ಸಿವಿಲ್ ಡಿಪ್ಲೊಮಾ ಮುಗಿಸಿ ಊರ ಹೊರಗಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿ ಸೇರಿದೆ. ಮೊದಲ ದಿನ ಅಟೆಂಡರ್ ನನ್ನನ್ನು ನೋಡಿ ಲೈಬ್ರರಿಯ ದಾರಿ ತೋರಿಸಿದ. ಕಾಂಕ್ರೀಟ್ ಲ್ಯಾಬಿಗೆ ಸೀರೆಯುಟ್ಟವಳು ಬರಬಹುದು ಎಂದು ಅವನಿಗೆ ಹೊಳೆದಿರಲಿಲ್ಲ.

ಕ್ಯೂಬ್ ಎಂದರೆ ಆರು ಅಂಗುಲದ ಚೌಕನೆಯ ಕಾಂಕ್ರೀಟ್ ಗಟ್ಟಿ. ಸೇತುವೆಗೋ ಕಟ್ಟಡಕ್ಕೋ ಹಾಕುವ ಕಾಂಕ್ರೀಟಿನಿಂದಲೇ ಒಂದಿಷ್ಟು ತೆಗೆದು ಅಚ್ಚಿಗೆ ತುಂಬುತ್ತಾರೆ. ಮರುದಿನ ಅಚ್ಚು ಬಿಚ್ಚಿ ಗಟ್ಟಿಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿಡುತ್ತಾರೆ. ಏಳು ದಿನಕ್ಕೆ ಕೆಲವನ್ನು, ಇಪ್ಪತ್ತೆಂಟು ದಿನಕ್ಕೆ ಉಳಿದವನ್ನು ಯಂತ್ರದ ದವಡೆಗೆ ಕೊಟ್ಟು ಎಷ್ಟು ಭಾರಕ್ಕೆ ಒಡೆಯುತ್ತದೆ ಎಂದು ಬರೆದುಕೊಳ್ಳುತ್ತೇವೆ. ಅಚ್ಚು ಬಿಚ್ಚು, ನಂಬರ್ ಬರೆ, ನೀರಿಗೆ ಹಾಕು. ಅಡುಗೆ ಮನೆಯಲ್ಲಿ ಅಕ್ಕಿ ತೊಳೆಯುವ ಹಾಗೆ, ಯೋಚನೆಯಿಲ್ಲದೆ ಕೈ ತಾನೇ ಮಾಡುವ ಕೆಲಸ ಅದು.

ನಾನು ಸೇರಿದಾಗ ಯಂತ್ರಕ್ಕೆ ದೊಡ್ಡ ಗಡಿಯಾರದಂಥ ಮುಖವಿತ್ತು. ಎರಡು ಮುಳ್ಳು ಒಟ್ಟಿಗೆ ಏರುತ್ತಿದ್ದವು. ಗಟ್ಟಿ ಒಡೆದ ಕೂಡಲೇ ಕರಿ ಮುಳ್ಳು ಹಿಂದಕ್ಕೆ ಬೀಳುತ್ತಿತ್ತು, ಕೆಂಪು ಮುಳ್ಳು ತಲುಪಿದಲ್ಲೇ ನಿಲ್ಲುತ್ತಿತ್ತು. ಆ ಮುಳ್ಳು ನೋಡುತ್ತಲೇ ಕಿವಿಯನ್ನೂ ಕೊಡಬೇಕಿತ್ತು. ಒಡೆಯುವ ಮುಂಚೆ ಕಾಂಕ್ರೀಟು ಸಣ್ಣಗೆ ಚಿಟಚಿಟ ಅನ್ನುತ್ತದೆ. ಈಗ ಎಲ್ಲ ಪರದೆಯ ಮೇಲೆ ಅಂಕಿಯಾಗಿ ಬರುತ್ತದೆ. ಅದು ಒಳ್ಳೆಯದೇ, ಕಣ್ಣು ತಪ್ಪುವುದಿಲ್ಲ. ಆದರೂ ಕಿವಿ ಕೊಡುವುದನ್ನು ಬಿಡಬೇಡಿ.

ನಿವೃತ್ತಿಗೆ ನಾಲ್ಕೈದು ವರ್ಷ ಉಳಿದಿದ್ದಾಗ ನಮ್ಮ ವಿಭಾಗದ ಮುಖ್ಯಸ್ಥರಾದ ಚನ್ನಬಸಪ್ಪ ಸರ್ ಒಂದು ಮುಂಜಾನೆ ತಮ್ಮ ಕಾರಿನ ಡಿಕ್ಕಿಯಲ್ಲಿ ಎರಡು ಚೀಲ ತಂದು ಇಳಿಸಿದರು. ಒಂದರಲ್ಲಿ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಹಾರುಬೂದಿ, ಇನ್ನೊಂದರಲ್ಲಿ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಪುಡಿ. ಅದಿರು ಕರಗಿಸುವಾಗ ಮೇಲೆ ತೇಲುವ ಕಸವನ್ನು ತಣಿಸಿ, ಹಿಟ್ಟಿನಂತೆ ಅರೆದರೆ ಸಿಗುವುದೇ ಈ ಪುಡಿ. ಎರಡೂ ನಮ್ಮ ಜಿಲ್ಲೆಯಲ್ಲಿ ಗುಡ್ಡಗುಡ್ಡವಾಗಿ ಬೀಳುವಂಥವು. ಇವಕ್ಕೆ ಕಾಸ್ಟಿಕ್ ಸೋಡಾದ ನೀರನ್ನೂ ಸೋಡಿಯಂ ಸಿಲಿಕೇಟನ್ನೂ ಸೇರಿಸಿದರೆ ಒಂದು ಚಮಚ ಸಿಮೆಂಟಿಲ್ಲದೆ ಕಾಂಕ್ರೀಟು ಕಲ್ಲಾಗುತ್ತದೆ, ಅದಕ್ಕೆ ಜಿಯೋಪಾಲಿಮರ್ ಎನ್ನುತ್ತಾರೆ, ನಾವೂ ಮಾಡೋಣ ಎಂದರು.

ಸರ್ ಒಳ್ಳೆಯ ಪಾಠಗಾರರು, ಮುಂಗೋಪಿ. ತಮ್ಮ ಕೈಗೆ ಬೂದಿ ಹತ್ತಿದರೆ ಕರವಸ್ತ್ರ ಹುಡುಕುತ್ತಿದ್ದರು. ಹಾಗಾಗಿ ಮಾಡೋಣ ಎಂದರೆ ನಾನು ಮಾಡಬೇಕು ಎಂದರ್ಥ. ನನಗೆ ಬೇಸರವಾಗಲಿಲ್ಲ. ಇಪ್ಪತ್ತೇಳು ವರ್ಷ ಬೇರೆಯವರ ಕ್ಯೂಬ್ ಒಡೆದವಳಿಗೆ ಮೊದಲ ಸಲ ನಮ್ಮದೇ ಒಂದು ಕ್ಯೂಬ್ ಸಿಕ್ಕಿತ್ತು.

ಮೊದಲ ವಾರವೇ ಒಂದು ಬಕೆಟ್ ಹಾಳು ಮಾಡಿದೆ. ಕಾಸ್ಟಿಕ್ ಸೋಡಾವನ್ನು ನೀರಿಗೆ ಹಾಕಿದರೆ ನೀರು ಒಲೆಯಿಲ್ಲದೆ ಕುದಿಯುವಷ್ಟು ಬಿಸಿಯಾಗುತ್ತದೆ. ಓದಿ ತಿಳಿದಿದ್ದೆ, ಆದರೂ ಅವಸರದಲ್ಲಿ ಒಂದೇ ಸಲ ಸುರಿದೆ. ತೆಳು ಪ್ಲಾಸ್ಟಿಕ್ ಬಕೆಟ್ ಕಣ್ಣೆದುರೇ ಸೊಂಟ ಬಗ್ಗಿಸಿತು. ಒಂದು ಹನಿ ಮಣಿಕಟ್ಟಿಗೆ ಸಿಡಿದ ಗುರುತು ಇನ್ನೂ ಇದೆ. ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ಹಿಡಿದು ನಿಂತಿದ್ದೆ. ಅಂದಿನಿಂದ ಕೈಗವಸು, ಕನ್ನಡಕ, ದಪ್ಪ ಡಬ್ಬಿ, ಸ್ವಲ್ಪಸ್ವಲ್ಪವೇ ಸೋಡಾ. ಮಾಡಿದ ದ್ರಾವಣವನ್ನು ಒಂದು ದಿನ ಆರಲು ಬಿಟ್ಟು ಮರುದಿನ ಬಳಸುವುದು. ಇದನ್ನು ನಿಮಗೆ ಯಾರಾದರೂ ಅವಸರಪಡಿಸಿದರೆ ಅವರು ಎಷ್ಟೇ ದೊಡ್ಡವರಿರಲಿ, ಆಗುವುದಿಲ್ಲ ಎನ್ನಿ.

ಇನ್ನೊಂದು ಬೂದಿಯನ್ನು ಸೇರಿಸುವ ಆಸೆ ಸರ್‌ಗಿತ್ತು. ಸಿರುಗುಪ್ಪದ ರೈಸ್ ಮಿಲ್ಲುಗಳಲ್ಲಿ ಭತ್ತದ ಹೊಟ್ಟನ್ನೇ ಬಾಯ್ಲರಿಗೆ ಉರಿಸುತ್ತಾರೆ. ಆ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ತುಂಬಿರುತ್ತದೆ, ಬೆರೆಸಿದರೆ ಕಾಂಕ್ರೀಟು ಇನ್ನಷ್ಟು ಗಟ್ಟಿಯಾಗುತ್ತದೆ ಎನ್ನುವುದು ಲೆಕ್ಕ. ನಾನು ಬಸ್ಸಿನಲ್ಲಿ ಹೋಗಿ ಒಂದು ಮಿಲ್ಲಿನಿಂದ ಚೀಲ ತುಂಬಿಸಿಕೊಂಡು ಬಂದೆ. ಅದನ್ನು ಹಾಕಿದ ಕ್ಯೂಬ್ ಹಾಕದ ಕ್ಯೂಬಿಗಿಂತ ಮೆತ್ತಗಾಯಿತು. ನಾನು ತೂಗಿದ್ದರಲ್ಲೇ ತಪ್ಪಿದೆಯೆಂದು ಸರ್ ಅನುಮಾನಪಟ್ಟರು. ನಾನು ಮತ್ತೆ ಸಿರುಗುಪ್ಪಕ್ಕೆ ಹೋದೆ. ಆ ಮಿಲ್ಲಿನ ಬಾಯ್ಲರ್ ನೋಡಿಕೊಳ್ಳುವ ಈರಣ್ಣ ಎಂಬಾತ ನನ್ನ ಅಳಲು ಕೇಳಿ ಮೂರು ಹಿಡಿ ಬೂದಿಯನ್ನು ಮೂರು ಕಡೆಯಿಂದ ತಂದು ಅಂಗಳದಲ್ಲಿ ಸುರಿದ. ಒಂದು ಕಪ್ಪು, ಒಂದು ಬೂದುಬಿಳಿ, ಒಂದು ತುಸು ಕೆಂಪು ಹೊಡೆಯುವಂಥದು.

"ಕರಿದು ಸರಿಯಾಗಿ ಸುಟ್ಟಿಲ್ಲ ಮೇಡಮ್ಮಾರ, ಒಳಗ ಇದ್ದಲಿ ಐತಿ. ಕೆಂಪಂದು ಹೆಚ್ಚು ಸುಟ್ಟು ಸತ್ತೈತಿ. ಈ ನಡುವಿಂದು ನೋಡ್ರಿ, ಅಂಗೈಯಾಗ ತಿಕ್ಕಿದ್ರ ಮುಖಕ್ಕ ಹಚ್ಚೋ ಪೌಡರ್ ಇದ್ದಂಗ ಐತಿ. ಇದನ್ನ ಒಯ್ಯಿರಿ," ಎಂದ.

ಪುಸ್ತಕದಲ್ಲಿ ಎರಡು ಪುಟ ಇರುವ ವಿಷಯವನ್ನು ಅವನು ಅಂಗೈಯಲ್ಲಿ ತೋರಿಸಿದ. ನಾನು ಬೂದುಬಿಳಿ ಬೂದಿಯನ್ನು ತಂದು ಇನ್ನೊಮ್ಮೆ ಅರೆದು, ಜರಡಿ ಹಿಡಿದು ಬೆರೆಸಿದೆ. ಕ್ಯೂಬ್ ಮೊದಲಿಗಿಂತ ಗಟ್ಟಿಯಾಗಿ ಬಂತು. ಸರ್ ಆ ದಿನ ಇಡೀ ವಿಭಾಗಕ್ಕೆ ಮಿರ್ಚಿ, ಒಗ್ಗರಣೆ ಮಂಡಕ್ಕಿ ತರಿಸಿದರು.

ಆಮೇಲೆ ಬೇಸಿಗೆ ಬಂತು. ಬಳ್ಳಾರಿಯ ಬೇಸಿಗೆಯಲ್ಲಿ ನಮ್ಮ ಮಿಶ್ರಣ ಅಚ್ಚಿಗೆ ಹೋಗುವ ಮುಂಚೆಯೇ ಬಿಗಿಯತೊಡಗಿತು. ಸ್ಲ್ಯಾಗ್ ಹೆಚ್ಚಿದ್ದರೆ ಹಾಗಾಗುತ್ತದೆ, ಶಾಖ ಸೇರಿದರೆ ಕೇಳುವುದೇ ಬೇಡ. ಒಂದು ಮಧ್ಯಾಹ್ನ ಮಿಕ್ಸರಿನೊಳಗೇ ಎಲ್ಲ ಕಲ್ಲಾಯಿತು. ಅದನ್ನು ಕೆತ್ತಿ ತೆಗೆಯಲು ಕುರುಗೋಡಿನಿಂದ ಖಾದರ್ ಸಾಬರನ್ನು ಕರೆಸಿದೆವು.

ಖಾದರ್ ಸಾಬರು ಅರವತ್ತರ ಮೇಲಿನ ಮೇಸ್ತ್ರಿ. ಕುರುಗೋಡಿನ ಗುಡ್ಡದ ಬುಡದಲ್ಲಿ ಅವರಿಗೆ ಒಂದು ಬಯಲು ಇತ್ತು. ಅಲ್ಲಿ ಬೇಲಿ ಕಂಬ, ಚರಂಡಿ ಚಪ್ಪಡಿ ಎರಕ ಹೊಯ್ದು ಮಾರುತ್ತಿದ್ದರು. ಅವರ ಅಪ್ಪ ಹಳೆಯ ಗುಡಿ ಮಸೀದಿಗಳಿಗೆ ಗಾರೆ ಹಾಕಿದವರು. ಮಿಕ್ಸರಿನೊಳಗೆ ಕೂತು ಅರ್ಧ ದಿನ ಉಳಿ ಬಡಿದು ಹೊರಗೆ ಬಂದ ಸಾಬರು ಬೆವರು ಒರೆಸಿಕೊಂಡು, ಇದನ್ನು ನಿಧಾನ ಮಾಡಬೇಕಲ್ಲವಾ ಎಂದು ಕೇಳಿದರು. ಹೌದೆಂದೆ. ತಮ್ಮ ತಂದೆ ಸುಣ್ಣದ ಗಾರೆಗೆ ಅಳಲೆಕಾಯಿಯನ್ನೂ ಬೆಲ್ಲವನ್ನೂ ನೆನೆಹಾಕಿದ ನೀರು ಬೆರೆಸುತ್ತಿದ್ದರು, ಗಾರೆ ತಡವಾಗಿ ಬಿಗಿಯುತ್ತಿತ್ತು, ಬಿಗಿದ ಮೇಲೆ ಮೊಳೆ ಇಳಿಯುತ್ತಿರಲಿಲ್ಲ ಎಂದರು.

ಸರ್ ನಕ್ಕರು. ಸುಣ್ಣ ಬೇರೆ, ಇದು ಬೇರೆ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಸಕ್ಕರೆಯಂಶ ಬಿಗಿಯುವುದನ್ನು ತಡೆಯುತ್ತದೆ ಎನ್ನುವುದೂ ಸುಳ್ಳಲ್ಲ. ನಾನು ಅನುಮತಿ ಕೇಳದೆಯೇ ಒಂದು ಸಣ್ಣ ಪಾತ್ರೆಯಲ್ಲಿ ಮಾಡಿ ನೋಡಿದೆ. ಮೊದಲ ಸಲ ಬೆಲ್ಲ ಜಾಸ್ತಿಯಾಗಿ ಮೂರು ದಿನವಾದರೂ ಗಟ್ಟಿ ಬೆರಳಿಗೆ ಅಂಟುತ್ತಿತ್ತು, ಇರುವೆ ಸಾಲು ಬೇರೆ. ಅಟೆಂಡರ್ ಅದಕ್ಕೆ ಮೈಸೂರ್ ಪಾಕ್ ಎಂದು ಹೆಸರಿಟ್ಟ. ಕಡಿಮೆ ಮಾಡುತ್ತ ಬಂದು, ಐದಾರನೆಯ ಸಲಕ್ಕೆ ಬೇಕಾದಷ್ಟು ಸಮಯ ಸಿಕ್ಕಿತು, ಬಿಗಿದ ಮೇಲೆ ಬಲವೂ ಕಡಿಮೆಯಾಗಲಿಲ್ಲ. ಸರ್‌ಗೆ ಅಂಕಿಗಳನ್ನು ತೋರಿಸಿದೆ. ಎರಡು ಸಲ ಓದಿ, ಮೇಸ್ತ್ರಿಯ ಹೆಸರನ್ನು ವರದಿಯಲ್ಲಿ ಹಾಕಬೇಕು ಎಂದರು. ಸರ್ ಬಗ್ಗೆ ನನಗೆ ಗೌರವ ಉಳಿದಿರುವುದು ಇಂಥ ಕಾರಣಗಳಿಗೆ.

ಲ್ಯಾಬಿನ ಕ್ಯೂಬ್ ಸಾಕು, ಇನ್ನು ಜನ ನಡೆದಾಡುವ ಜಾಗದಲ್ಲಿ ಹಾಕಿ ತೋರಿಸಿ ಎಂದು ಯೋಜನೆಗೆ ಒಪ್ಪಿಗೆ ಕೊಟ್ಟ ಸಮಿತಿ ಹೇಳಿತು. ಸಿರುಗುಪ್ಪ ತಾಲೂಕಿನ ರಾರಾವಿಯಲ್ಲಿ ಹೊಲಗಾಲುವೆಯ ಮೇಲಿನ ಒಂದು ಹಳೆಯ ದಾಟು, ಅಂದರೆ ಕಿರುಸೇತುವೆ, ಕುಸಿದಿತ್ತು. ಆಚೆ ದಂಡೆಯಲ್ಲಿ ಭತ್ತದ ಗದ್ದೆಗಳು. ಅಲ್ಲಿಯ ರೈತ ತಿಪ್ಪಣ್ಣ ನಮ್ಮ ಅಟೆಂಡರನ ಬೀಗರು. ಅವರ ಮೂಲಕವೇ ಆ ಜಾಗ ನಮಗೆ ಗೊತ್ತಾದದ್ದು. ಉಕ್ಕಿನ ಸರಳು ಹಾಕಿದ ನಾಲ್ಕು ಚಪ್ಪಡಿಗಳನ್ನು ಕುರುಗೋಡಿನಲ್ಲಿ ಖಾದರ್ ಸಾಬರ ಬಯಲಿನಲ್ಲೇ ಹೊಯ್ದು, ಗಟ್ಟಿಯಾದ ಮೇಲೆ ಟ್ರ್ಯಾಕ್ಟರಿನಲ್ಲಿ ಒಯ್ದು ಕೂರಿಸುವುದೆಂದು ಗೊತ್ತಾಯಿತು.

ಹೊಯ್ಯುವ ದಿನ ಎಲ್ಲ ಚೆನ್ನಾಗಿ ನಡೆಯಿತು. ಸಾಬರ ಬೆಲ್ಲದ ನೀರು, ಈರಣ್ಣನ ಬೂದಿ, ನನ್ನ ದ್ರಾವಣ. ಅದೇ ಮಾಲಿನಿಂದ ಒಂಬತ್ತು ಕ್ಯೂಬ್ ತುಂಬಿಕೊಂಡು ಬಂದೆ. ಮರುದಿನ ಅಚ್ಚು ಬಿಚ್ಚಿದೆ. ಏಳು ದಿನದ ಮೂರನ್ನು ಮೇಜಿನ ಮೇಲೆ ಗೋಣಿ ಹೊದಿಸಿಟ್ಟೆ. ಏಳು ದಿನಕ್ಕೆ ಒಡೆದಾಗ ಬೇಕಾದ್ದಕ್ಕಿಂತ ಹೆಚ್ಚೇ ಬಲ ಬಂತು. ಆಚೆ ದಂಡೆಯ ಭತ್ತದ ಕೊಯ್ಲು ಹತ್ತಿರವಿತ್ತು. ಸರ್ ಆ ಅಂಕಿಯ ಮೇಲೆ ಚಪ್ಪಡಿಗಳನ್ನು ಕೂರಿಸಲು ಒಪ್ಪಿಗೆ ಕೊಟ್ಟರು. ನಾಲ್ಕೂ ರಾರಾವಿಗೆ ಹೋಗಿ ಕೂತವು.

ಎರಡು ವಾರದ ಮೇಲೆ ತಿಪ್ಪಣ್ಣ ಫೋನ್ ಮಾಡಿದರು. ಚಪ್ಪಡಿಗೆ ಸೌಳು ಬಂದಿದೆ ಎಂದರು. ಸೌಳು ಎಂದರೆ ಹೊಲದಲ್ಲಿ ಉಪ್ಪು ಮೇಲೆದ್ದು ಬೆಳ್ಳಗಾಗುವುದು. ಆ ಸೀಮೆಯ ರೈತರಿಗೆ ಆ ಮಾತು ಕೇಳಿದರೇ ಎದೆ ಝಲ್ಲೆನ್ನುತ್ತದೆ. ಸೌಳು ಬಂದ ಹೊಲ ಸತ್ತ ಹೊಲ. ನಾನು ಹೋಗಿ ನೋಡಿದೆ. ಚಪ್ಪಡಿಯ ಅಂಚಿನಲ್ಲಿ, ತೇವ ತಾಗುವ ಕಡೆ, ಬಿಳಿ ಹಿಟ್ಟು ಉಗುಳಿದಂತಿತ್ತು. ಕೂಡಿಕೊಳ್ಳದೆ ಉಳಿದ ಸೋಡಾ ಹೊರಬಂದು ಗಾಳಿಗೆ ಹಾಗಾಗುತ್ತದೆ. ತಂಬಿಗೆ ನೀರು ಹಾಕಿ ಒರೆಸಿ ತೋರಿಸಿದೆ, ಹೋಯಿತು. ತಿಪ್ಪಣ್ಣ ತಲೆಯಾಡಿಸಿದರು, ನಂಬಲಿಲ್ಲ.

ಇಪ್ಪತ್ತೆಂಟನೆಯ ದಿನ ಬಂತು. ಮೊದಲ ಕ್ಯೂಬನ್ನು ಯಂತ್ರಕ್ಕೆ ಕೊಟ್ಟೆ. ಬೇಕಾದ ಭಾರದ ಮೂರರಲ್ಲಿ ಎರಡು ಪಾಲು ತಲುಪುವಷ್ಟರಲ್ಲಿ ಚಿಟಚಿಟ ಶುರುವಾಗಿ ಒಡೆದೇ ಹೋಯಿತು. ಇದೊಂದು ಕೆಟ್ಟದ್ದಿರಬೇಕು ಎಂದು ಎರಡನೆಯದನ್ನು ಇಟ್ಟೆ. ಅದೂ ಅಷ್ಟೆ. ಮೂರನೆಯದರ ನಂಬರನ್ನು ಎರಡು ಸಲ ಓದಿ ಇಟ್ಟೆ. ಏಳು ದಿನಕ್ಕೆ ಅಷ್ಟು ಗಟ್ಟಿಯಿದ್ದದ್ದು ಇಪ್ಪತ್ತೆಂಟು ದಿನಕ್ಕೆ ಮೆತ್ತಗಾಗುವುದನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ದಿನ ಕಳೆದಂತೆ ಕಾಂಕ್ರೀಟು ಬಲಿಯಬೇಕು, ಸಾಯಬಾರದು. ಮೂರನೆಯದೂ ಬಿತ್ತು.

ಸರ್ ಬಂದು ಅಂಕಿಗಳನ್ನು ನೋಡಿದರು. ಅವರೇ ತಿಪ್ಪಣ್ಣನವರಿಗೆ ಫೋನ್ ಮಾಡಿ ದಾಟಿನ ಮೇಲೆ ಯಾರನ್ನೂ ಬಿಡಬೇಡಿ ಎಂದರು. ಊರಿನವರು ಎರಡೂ ಕಡೆ ಜಾಲಿ ಮುಳ್ಳು ಎಳೆದು ಹಾಕಿದರು. ಭತ್ತ ಕೊಯ್ಲಿಗೆ ಬಂದಿತ್ತು. ಕೊಯ್ಯುವ ಯಂತ್ರವೂ ಟ್ರ್ಯಾಕ್ಟರುಗಳೂ ಆಚೆ ಹೋಗಬೇಕಾದರೆ ಸುತ್ತು ಹಾಕಿ ಇನ್ನೊಂದು ಊರಿನ ದಾರಿ ಹಿಡಿಯಬೇಕು. ಶಾಲೆಯ ಮಕ್ಕಳು ಕಾಲುವೆ ನೀರಿಗಿಳಿದು ದಾಟತೊಡಗಿದರು ಎಂದು ತಿಪ್ಪಣ್ಣ ಹೇಳಿದರು.

ಸಮಿತಿಯವರು ಬಂದು ಕೂತರು. ಏನು ಕಾರಣ ಎಂದರು. ಸರ್‌ಗೆ ಹೇಳಲು ಏನಾದರೂ ಬೇಕಿತ್ತು. ಬೆಲ್ಲ, ಅಳಲೆಕಾಯಿಯ ನೀರು ಬಳಸಿದ್ದೆವು, ಅದೇ ಒಳಗಿನಿಂದ ಕೆಡಿಸಿರಬೇಕು, ಮೇಸ್ತ್ರಿಯ ಮಾತು ನಂಬಿ ತಪ್ಪಾಯಿತು ಎಂದರು. ಅವರಲ್ಲೊಬ್ಬರು ಹಾಗೇ ಬರೆದುಕೊಂಡರು. ನಾನು ಅಲ್ಲೇ ಗೋಡೆಯ ಪಕ್ಕ ನಿಂತಿದ್ದೆ. ಅದು ಸರಿಯೆನಿಸಲಿಲ್ಲ, ಆದರೆ ಅದರ ಬದಲು ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಸುಮ್ಮನಿದ್ದೆ. ಆ ಸುಮ್ಮನಿದ್ದುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮಾತು ಕುರುಗೋಡಿಗೆ ತಲುಪಲು ಎರಡು ದಿನ ಸಾಕಾಯಿತು. ಖಾದರ್ ಸಾಬರ ಹತ್ತಿರ ಚರಂಡಿ ಚಪ್ಪಡಿಗೆ ಹೇಳಿದ್ದ ಇಬ್ಬರು ಬೇಡವೆಂದರಂತೆ. ಬೆಲ್ಲದ ಸಾಬ ಎಂದು ಯಾರೋ ಅಂದರಂತೆ. ಇದನ್ನು ಅವರು ನನಗೆ ಹೇಳಲಿಲ್ಲ, ಅವರ ಹೆಂಡತಿ ಮಹಬೂಬಿ ಫೋನಿನಲ್ಲಿ ಹೇಳಿದರು. ಸಾಬರು ಮೂರು ದಿನದಿಂದ ಗಾರೆ ಬಳಿಯುವ ಕರಣಿ ಮುಟ್ಟಿಲ್ಲ ಎಂದರು.

ಆ ದಿನ ಫೋನ್ ಇಟ್ಟವಳು ಸುಮ್ಮನೆ ಕೂರಲಾಗದೆ ತೊಟ್ಟಿಯ ಹತ್ತಿರ ಹೋದೆ. ಉಳಿದ ಮೂರು ಕ್ಯೂಬ್ ನೀರಿನಲ್ಲಿದ್ದವು. ಒಂದನ್ನು ಮೇಲೆತ್ತಿ ನೋಡೋಣವೆಂದು ಬರಿಗೈ ಅದ್ದಿದೆ. ನೀರು ಜಾರಿತು. ಬೆರಳುಗಳು ಒಂದಕ್ಕೊಂದು ಸಾಬೂನು ಹಚ್ಚಿಕೊಂಡಂತೆ ಜಾರಿದವು. ಸ್ವಲ್ಪ ಹೊತ್ತಿಗೆ ಮಣಿಕಟ್ಟು ಚುರುಗುಟ್ಟಿತು.

ಆ ಚುರುಕು ನನಗೆ ಪರಿಚಯದ್ದು. ಕಾಸ್ಟಿಕ್ ಸೋಡಾದ್ದು.

ನಾನು ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಈ ಕಾಂಕ್ರೀಟಿಗೆ ನೀರಿನ ತೊಟ್ಟಿ ಬೇಡ. ಸಿಮೆಂಟು ನೀರು ಕುಡಿದು ಬೆಳೆಯುತ್ತದೆ, ಇದು ಹಾಗಲ್ಲ. ಎಳೆಯದಿರುವಾಗ ನೀರಿಗೆ ಹಾಕಿದರೆ ಅದನ್ನು ಬಿಗಿಯಬೇಕಾದ ಸೋಡಾವೇ ಕರಗಿ ಹೊರಟುಹೋಗುತ್ತದೆ. ಇದನ್ನು ನಾನು ಬಲ್ಲೆ. ನನ್ನ ಕೈಯಾರೆ ಗೋಡೆಗೆ ಚೀಟಿ ಅಂಟಿಸಿದ್ದೆ. ಅದಕ್ಕೇ ಏಳು ದಿನದ ಮೂರನ್ನು ಗೋಣಿ ಹೊದಿಸಿ ಮೇಜಿನ ಮೇಲಿಟ್ಟಿದ್ದೆ. ಆದರೆ ಇಪ್ಪತ್ತೆಂಟು ದಿನ ಎಂದು ಗಟ್ಟಿಯ ಮೇಲೆ ಬರೆದ ಕೂಡಲೇ ಕೈ ತನ್ನ ಹಳೆಯ ದಾರಿ ಹಿಡಿದಿತ್ತು. ಅಚ್ಚು ಬಿಚ್ಚು, ನಂಬರ್ ಬರೆ, ನೀರಿಗೆ ಹಾಕು. ಬೇರೆ ಯಾರೂ ಹಾಕಿರಲಿಲ್ಲ. ಆರನ್ನೂ ಎರಡೆರಡಾಗಿ ಎತ್ತಿ ತೊಟ್ಟಿಗೆ ಇಳಿಸಿದ್ದು ನಾನೇ.

ಆ ಹೊತ್ತಿನಲ್ಲಿ ಮನಸ್ಸಿಗೆ ಬಂದ ಕೆಟ್ಟ ಯೋಚನೆಯನ್ನೂ ಬರೆದುಬಿಡುತ್ತೇನೆ. ತೊಟ್ಟಿಯ ನೀರು ಬಿಟ್ಟುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ನಿವೃತ್ತಿಗೆ ಹೆಚ್ಚು ದಿನ ಉಳಿದಿಲ್ಲ. ಕಾರಣವಾಗಿ ಬೆಲ್ಲ ಹೇಗೂ ಬರೆದಾಗಿದೆ. ನೀರು ಹೊರಬಿಡುವ ಬಿರಡೆಯ ಮೇಲೆ ಕೈ ಇಟ್ಟಿದ್ದು ನಿಜ. ತಿರುಗಿಸಲಿಲ್ಲ. ಕರಣಿ ಮುಟ್ಟದೆ ಕೂತ ಒಬ್ಬ ಮುದುಕ ಕಣ್ಣ ಮುಂದೆ ಬಂದ. ಒಂದು ಬಾಟಲಿಯಲ್ಲಿ ಆ ನೀರು ತುಂಬಿಕೊಂಡು ಸರ್ ಕೋಣೆಗೆ ಹೋದೆ.

ಬಾಟಲಿಯನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಸರ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಬೈಯುತ್ತಾರೆ ಎಂದು ನಿಂತಿದ್ದೆ.

"ನೀಲಮ್ಮಾರ, ಹಂಗಾರ ಚಪ್ಪಡಿ ಚೊಲೊ ಇರಬಹುದು?" ಎಂದರು.

"ಇರಬಹುದು ಸರ. ನೀರಿಗೆ ಹಾಕಿದ್ದು ಕ್ಯೂಬ್ ಅಷ್ಟ. ಚಪ್ಪಡಿ ಹಾಕಿಲ್ಲ."

"ನಾನು ತಪ್ಪು ಮೇಸ್ತ್ರಿ ಮ್ಯಾಲ ಹಾಕಿಬಿಟ್ನಲ್ಲ."

"ನನ್ನ ತಪ್ಪು ಸರ. ನೀವು ಗೊತ್ತಿಲ್ಲದ ಹೇಳಿದ್ರಿ."

"ಗೊತ್ತಿಲ್ಲ ಅಂತ ಹೇಳಬೇಕಿತ್ತು," ಎಂದರು ಸರ್. ಕನ್ನಡಕ ತೆಗೆದು ಒರೆಸಿದರು. ಆಮೇಲೆ, ಇರಬಹುದು ಎನ್ನುವುದು ಸಾಲದು, ತೋರಿಸಬೇಕು ಎಂದು ಎದ್ದರು.

ಅವತ್ತೇ ಇಬ್ಬರೂ ಕುರುಗೋಡಿಗೆ ಹೋದೆವು. ಖಾದರ್ ಸಾಬರು ಅಂಗಳದ ಬೇವಿನ ನೆರಳಿನಲ್ಲಿ ಕೂತಿದ್ದರು. ಸರ್ ನನ್ನ ಮುಖ ನೋಡಿದರು. ನಾನೇ ಹೇಳಬೇಕಾದ ಮಾತು ಅದು. ಹೇಳಿದೆ, ತಪ್ಪು ನನ್ನ ಕೈಯದು, ನಿಮ್ಮ ಬೆಲ್ಲದ್ದಲ್ಲ ಎಂದು. ಸಾಬರು ನೆಲ ನೋಡುತ್ತ ಕೇಳಿಸಿಕೊಂಡರು.

"ಅಕ್ಕಾರ, ಮೂರು ದಿನದಿಂದ ನಮ್ಮ ಅಬ್ಬಾ ಸುಳ್ಳು ಹೇಳಿದ್ರೇನೋ ಅಂತ ಕುಂತಿದ್ದೆ. ಹೋಗಿ ಕೇಳಾಕ ಅವ್ರೂ ಇಲ್ಲ," ಎಂದರು. ಅಷ್ಟೇ. ಒಳಗೆ ಕೂಗಿ ಚಹಾ ತರಲು ಹೇಳಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಚಹಾ ಕುಡಿಯುವಾಗ ಸರ್ ಕೇಳಿದರು, ಆ ದಿನ ಹೊಯ್ದ ಮಾಲಿನಲ್ಲಿ ಏನಾದರೂ ಉಳಿದಿತ್ತೇ ಎಂದು. ಸಾಬರು ಸಂಕೋಚದಿಂದ ಹೆಂಡತಿಯ ಕಡೆ ನೋಡಿದರು. ಉಳಿದ ಮಾಲನ್ನು ಚೆಲ್ಲುವುದೇಕೆಂದು ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲು ಹೊಯ್ದುಕೊಂಡಿದ್ದರು. ಅಂಗೈ ಅಗಲಕ್ಕಿಂತ ದಪ್ಪ. ಸರ್ ಅದನ್ನು ಕಂಡು ನಿಧಿ ಸಿಕ್ಕವರ ಹಾಗೆ ಕುಕ್ಕರಗಾಲಿನಲ್ಲಿ ಕೂತರು. ಮರುದಿನ ಕೊರೆಯುವ ಯಂತ್ರ ತಂದು ಆ ಕಲ್ಲಿನಿಂದ ಮೂರು ದುಂಡನೆಯ ತುಂಡು ತೆಗೆದೆವು. ತಮ್ಮ ಒಗೆಯುವ ಕಲ್ಲಿಗೆ ತೂತು ಬಿದ್ದದ್ದನ್ನು ಮಹಬೂಬಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಒಂದು ಹೊಸ ಕಲ್ಲು ಹೊಯ್ದುಕೊಡುತ್ತೇವೆ ಎಂದು ಸರ್ ಮಾತು ಕೊಟ್ಟರು.

ಆ ತುಂಡುಗಳನ್ನು ಲ್ಯಾಬಿನ ಯಂತ್ರಕ್ಕೆ ಕೊಡುವಾಗ ಕೋಣೆಯಲ್ಲಿ ನಾನು, ಸರ್, ಖಾದರ್ ಸಾಬರು ಮೂವರೇ ಇದ್ದೆವು. ಅಂಕಿ ಏರುತ್ತ ಹೋಯಿತು. ಕ್ಯೂಬ್ ಒಡೆದಿದ್ದ ಜಾಗ ದಾಟಿತು. ನಾನು ಕಿವಿ ಕೊಟ್ಟೆ. ಬೇಕಾದ ಅಂಕಿ ದಾಟಿತು. ಇನ್ನೂ ಸದ್ದಿಲ್ಲ. ಮತ್ತೂ ಏರಿ, ಕೊನೆಗೆ ಒಡೆದಾಗ ಪಟಾಕಿಯಂತೆ ಸಿಡಿಯಿತು. ಗಟ್ಟಿ ಕಾಂಕ್ರೀಟು ಒಡೆಯುವ ಸದ್ದೇ ಬೇರೆ. ಸಾಬರು ಟೋಪಿ ತೆಗೆದು ತಲೆ ಸವರಿಕೊಂಡರು. ಉಳಿದೆರಡೂ ಹಾಗೇ ಬಂದವು.

ಆದರೂ ಜನ ಓಡಾಡುವ ಚಪ್ಪಡಿ. ಒಗೆಯುವ ಕಲ್ಲಿನ ಸಾಕ್ಷಿ ಸಾಲದೆಂದು ಸಮಿತಿಯವರನ್ನೂ ಕರೆದುಕೊಂಡು ರಾರಾವಿಗೆ ಹೋದೆವು. ಮುಳ್ಳು ಸರಿಸಿ ಚಪ್ಪಡಿಯ ಕೆಳಗೆ ಬಗ್ಗುವಿಕೆ ಅಳೆಯುವ ಡಯಲ್ ಕಟ್ಟಿದೆವು. ಊರಿನವರು ಮರಳು ತುಂಬಿದ ಚೀಲಗಳನ್ನು ಸಾಲಾಗಿ ಕೈಯಿಂದ ಕೈಗೆ ದಾಟಿಸಿ ಮೇಲೆ ಪೇರಿಸಿದರು. ತುಂಬಿದ ಟ್ರ್ಯಾಕ್ಟರಿನ ಭಾರಕ್ಕಿಂತ ಹೆಚ್ಚಾಗುವವರೆಗೂ ಪೇರಿಸಿದರು. ನಾನು ಮೊಣಕಾಲುದ್ದ ನೀರಿನಲ್ಲಿ ನಿಂತು ಡಯಲ್ ಓದುತ್ತಿದ್ದೆ. ಮುಳ್ಳು ಕೂದಲೆಳೆಯಷ್ಟು ಸರಿದು ನಿಂತಿತು. ಚೀಲಗಳನ್ನು ಒಂದು ದಿನ ಹಾಗೇ ಬಿಟ್ಟು ಮರುದಿನ ಇಳಿಸಿದೆವು. ಕೊನೆಯ ಚೀಲ ಇಳಿದಾಗ ಮುಳ್ಳು ಮೆಲ್ಲಗೆ ಹಿಂದಕ್ಕೆ ಬಂದು ಹೆಚ್ಚುಕಡಿಮೆ ಮೊದಲಿನ ಜಾಗದಲ್ಲೇ ಕೂತಿತು. ನಾನು ಮೂರು ಸಲ ಓದಿದೆ. ಒಂದು ಬಿರುಕೂ ಇರಲಿಲ್ಲ. ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡೆ. ಡಯಲ್ ಹಿಡಿದ ಕಂಬಕ್ಕೆ ಒರಗಿ ನಿಂತುಬಿಟ್ಟೆ. ಕಾಲಿನ ಸುತ್ತ ತಣ್ಣನೆಯ ನೀರು ಹರಿಯುತ್ತಿತ್ತು.

"ಏನಾತ್ರಿ ಮೇಡಮ್ಮಾರ?" ಎಂದು ತಿಪ್ಪಣ್ಣ ಮೇಲಿನಿಂದ ಬಗ್ಗಿ ಕೇಳಿದರು.

"ಟ್ರ್ಯಾಕ್ಟರ್ ತರ್ರಿ," ಎಂದೆ.

ಸರ್ ಸಮಿತಿಯವರ ಎದುರೇ ಮೇಸ್ತ್ರಿಯ ಬಗ್ಗೆ ತಾವು ಹೇಳಿದ್ದು ತಪ್ಪೆಂದು ಹೇಳಿ, ಅದನ್ನು ಹೊಡೆದುಹಾಕಿಸಿದರು. ನನ್ನ ತಪ್ಪನ್ನು ವರದಿಯಲ್ಲಿ ಒಂದು ಪುಟವಾಗಿ ನನ್ನಿಂದಲೇ ಬರೆಸಿದರು. ಶಿಕ್ಷೆ ಎಂದುಕೊಂಡು ಬರೆಯಲು ಕೂತೆ. ಬರೆದು ಮುಗಿಸಿದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಖಾದರ್ ಸಾಬರು ಈಗ ಅದೇ ಬಯಲಿನಲ್ಲಿ ಸಿಮೆಂಟಿಲ್ಲದ ಚರಂಡಿ ಚಪ್ಪಡಿ ಮಾಡುತ್ತಾರೆ. ಬೆಲ್ಲದ ಅಳತೆ ಅವರ ಬಾಯಲ್ಲಿದೆ, ನನ್ನ ನೋಟ್ ಪುಸ್ತಕದಲ್ಲೂ ಇದೆ. ಎರಡೂ ಒಂದೇ.

ಹೊಸದಾಗಿ ಬರುವವರಿಗೆ ನಾನು ಹೇಳುವುದು ಇಷ್ಟು. ನಿಮ್ಮ ಕೈಗೆ ರೂಢಿಯಾದ ಕೆಲಸ ಬಹಳ ಒಳ್ಳೆಯದು, ಕೆಲಸದ ವಸ್ತು ಬದಲಾಗುವ ತನಕ. ಅದು ಬದಲಾದ ದಿನ ಕೈಯನ್ನು ನಂಬಬೇಡಿ, ಒಂದು ಗಳಿಗೆ ನಿಂತು ಕೇಳಿಕೊಳ್ಳಿ. ತಪ್ಪಿಹೋದರೆ ಬಿರಡೆ ತಿರುಗಿಸಬೇಡಿ.

ನಿವೃತ್ತಳಾದ ಮೇಲೆ ಹೋದ ಸುಗ್ಗಿಯಲ್ಲಿ ನಾನೊಬ್ಬಳೇ ಬಸ್ಸಿನಲ್ಲಿ ರಾರಾವಿಗೆ ಹೋಗಿದ್ದೆ. ಯಾರಿಗೂ ಹೇಳಿರಲಿಲ್ಲ. ಸುಮ್ಮನೆ ಒಮ್ಮೆ ಚಪ್ಪಡಿಯ ಮೇಲೆ ನಡೆದು ಬರೋಣ ಎಂದು. ಹೋಗಿ ನೋಡಿದರೆ ನಾಲ್ಕೂ ಚಪ್ಪಡಿಯ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಭತ್ತ ಹರವಿದ್ದರು. ಒಬ್ಬ ಹೆಂಗಸು ಸೆರಗು ತಲೆಗೆ ಹಾಕಿಕೊಂಡು ಕಾಲಿನಿಂದ ಅದನ್ನು ಮಗುಚುತ್ತಿದ್ದಳು. ನಾನು ಅಂಚಿನಲ್ಲಿ ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಇಟ್ಟೆನೋ ಇಲ್ಲವೋ, ಆಕೆ ಕೈ ಅಡ್ಡ ಹಿಡಿದಳು.

"ಇದರ ಮ್ಯಾಲ ಬರಬ್ಯಾಡ್ರಿ ಅಮ್ಮಾರ, ಭತ್ತ ಒಣಗಾಕ ಹಾಕೀವಿ. ಆಚಿಗೆ ಹೋಗೋದಿದ್ರ ಕೆಳಗಿಳಿದು ಹೋಗ್ರಿ, ನೀರು ಭಾಳ ಇಲ್ಲ."

ಆಗಲಿ ಎಂದೆ. ಸೀರೆಯ ನೆರಿಗೆ ಎತ್ತಿಕೊಂಡು ಕಾಲುವೆಗೆ ಇಳಿದು ದಾಟಿದೆ.